ಒಂದು ಕಾಫಿ ಪೊಟ್ಟಣದ ವ್ಯಾಖ್ಯಾನ

ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆಯಿಂದ ಈಗ ಬರುತ್ತಿರುವ ಹುರಿದ ಕಾಫಿ ಬೀಜದ ಪೊಟ್ಟಣಗಳನ್ನು ಸಾಲಾಗಿ ಇಟ್ಟು ನೋಡಿದರೆ ಬಣ್ಣ, ಚಿತ್ರ ಬೇರೆಬೇರೆ. ಬರಹ ಮಾತ್ರ ಹೆಚ್ಚುಕಡಿಮೆ ಒಂದೇ. ಆ ಬರಹದಲ್ಲಿ ಮತ್ತೆಮತ್ತೆ ಕಾಣುವ ಸಾಲುಗಳನ್ನು ಆಯ್ದು ಇಲ್ಲಿ ಒಂದು ಪೊಟ್ಟಣ ಕಟ್ಟಿಕೊಂಡಿದ್ದೇನೆ. ಅದು ಯಾವ ಕಂಪನಿಯದೂ ಅಲ್ಲ. ಮನೆಗೆ ಸಣ್ಣ ಎಸ್ಪ್ರೆಸೊ ಯಂತ್ರ ತಂದವರು ‘ಮೀಡಿಯಂ ರೋಸ್ಟ್ ಇಡೀ ಬೀಜ ಯಾವುದು ತರಲಿ?’ ಎಂದು ಕೇಳುತ್ತಾರೆ. ಉತ್ತರ ಪೊಟ್ಟಣದ ಮೇಲೆಯೇ ಇರುತ್ತದೆ. ಆದರೆ ದೊಡ್ಡ ಅಕ್ಷರದ ಸಾಲುಗಳು ಹೇಳುವುದು ಕಡಿಮೆ, ತಳದಲ್ಲಿ ಮುದ್ರೆ ಒತ್ತಿದ ಸಣ್ಣ ಸಾಲು ಹೇಳುವುದು ಹೆಚ್ಚು.

“ಮೀಡಿಯಂ ರೋಸ್ಟ್”

ಹಸಿ ಕಾಫಿ ಬೀಜದಲ್ಲಿ ನೂರಕ್ಕೆ 10ರಿಂದ 12ರಷ್ಟು ನೀರಿರುತ್ತದೆ. ಹುರಿಯುವ ಡ್ರಮ್ಮಿನಲ್ಲಿ ಮೊದಲು ಆ ನೀರು ಹೋಗುತ್ತದೆ, ಬೀಜ ಹಳದಿಯಾಗುತ್ತದೆ, ಆಮೇಲೆ ಕಂದು. 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಳಗಿನ ಹಬೆ ಬೀಜವನ್ನು ಒಡೆದು ಚಟಪಟ ಸದ್ದು ಮಾಡುತ್ತದೆ. ಅದು ಮೊದಲ ಸಿಡಿತ. ಇನ್ನೂ ಕಾಯಿಸುತ್ತಾ 225ರ ಹತ್ತಿರ ಹೋದರೆ ಎರಡನೆಯ ಸಿಡಿತ; ಅಲ್ಲಿಂದ ಬೀಜದ ಎಣ್ಣೆ ಹೊರಗೆ ಬರಲು ಶುರು. ಮೊದಲ ಸಿಡಿತ ಮುಗಿದು ಎರಡನೆಯದು ಶುರುವಾಗುವ ಮುನ್ನ ನಿಲ್ಲಿಸಿದ್ದು ಮೀಡಿಯಂ. ಒಂದು ಕಿಲೊ ಹಸಿ ಬೀಜ ಹಾಕಿದವನಿಗೆ ಆಗ ಸುಮಾರು 850 ಗ್ರಾಂ ವಾಪಸು ಸಿಗುತ್ತದೆ.

ಇಷ್ಟು ಸ್ಪಷ್ಟವಾಗಿದ್ದರೂ ಈ ಸಾಲನ್ನು ನಂಬಬೇಡಿ ಎನ್ನುತ್ತೇನೆ. ಎರಡು ಸಿಡಿತಗಳ ನಡುವೆ ಜಾಗ ವಿಶಾಲವಾಗಿದೆ, ಅದರಲ್ಲಿ ಎಲ್ಲಿ ನಿಂತರೂ ಮೀಡಿಯಂ ಎಂದು ಬರೆಯಬಹುದು. ಹುರಿದ ಬಣ್ಣವನ್ನು ಅಳೆಯಲು ಅಗ್‌ಟ್ರಾನ್ ಎಂಬ ಮಾಪಕವಿದೆ. ಆ ಅಂಕಿಯನ್ನು ಪೊಟ್ಟಣದ ಮೇಲೆ ಹಾಕುವವರು ವಿರಳ. ಹಾಗಾಗಿ ಒಬ್ಬರ ಮೀಡಿಯಂ ಇನ್ನೊಬ್ಬರ ಡಾರ್ಕ್. ಪೊಟ್ಟಣ ಒಡೆದ ಮೇಲೆ ಕಣ್ಣೇ ಪ್ರಮಾಣ: ಬೀಜದ ಮೈ ಒಣಗಿರಬೇಕು, ಹುಣಿಸೆ ಬೀಜದಷ್ಟು ಕಪ್ಪಾಗಿ ಹೊಳೆಯಬಾರದು. ಹೊಳೆದರೆ ಅದು ಎರಡನೆಯ ಸಿಡಿತ ಮುಟ್ಟಿದೆ, ಇಲ್ಲವೇ ಹಳೆಯದಾಗಿದೆ.

ಮನೆಯ ಎಸ್ಪ್ರೆಸೊಗೆ ಮೀಡಿಯಂ ಏಕೆ? ರುಚಿಗಿಂತ ಮೊದಲು, ತಪ್ಪು ಸಹಿಸುವ ಗುಣಕ್ಕಾಗಿ. ಎಳೆಯದಾಗಿ ಹುರಿದ ಬೀಜ ಗಟ್ಟಿ. ಅದರ ಸಾರ ಸುಲಭವಾಗಿ ನೀರಿಗೆ ಇಳಿಯುವುದಿಲ್ಲ. ಹೆಚ್ಚು ಬಿಸಿಯ ನೀರು, ಇನ್ನಷ್ಟು ನುಣ್ಣಗಿನ ಪುಡಿ, ಹೆಚ್ಚು ನೀರು ಎಲ್ಲವನ್ನೂ ಬೇಡುತ್ತದೆ, ಒಂದು ತಪ್ಪಿದರೂ ಲೋಟದಲ್ಲಿ ಹುಳಿ. ಕಪ್ಪಗೆ ಹುರಿದದ್ದು ಎಲ್ಲವನ್ನೂ ಕೂಡಲೇ ಬಿಟ್ಟುಕೊಡುತ್ತದೆ, ಕಹಿಯನ್ನೂ ಸೇರಿಸಿ. ಜೊತೆಗೆ ಅದರ ಎಣ್ಣೆ ಗ್ರೈಂಡರಿನ ಹಲ್ಲುಗಳಿಗೆ ಅಂಟಿ ಕಮಟುತ್ತದೆ. ಕಡಿಮೆ ಬೆಲೆಯ ಮನೆ ಯಂತ್ರಗಳಲ್ಲಿ ನೀರಿನ ಶಾಖ ಒಂದು ಶಾಟ್‌ನಿಂದ (ಒಂದು ಸಲಕ್ಕೆ ಇಳಿಸುವ ಎಸ್ಪ್ರೆಸೊ) ಇನ್ನೊಂದಕ್ಕೆ ಕೆಲವು ಡಿಗ್ರಿ ಏರುಪೇರಾಗುವುದು ಸಾಮಾನ್ಯ. ಆ ಏರುಪೇರನ್ನು ತಾಳಿಕೊಂಡು ಕುಡಿಯುವಂಥ ಕಾಫಿ ಕೊಡುವುದು ನಡುವಿನ ಹುರಿತ.

“100% ಅರೇಬಿಕಾ”

ಈ ಸಾಲು ಹೆಮ್ಮೆಯದು. ಹೆಮ್ಮೆ ಎಷ್ಟು ಸರಿ ಎಂಬುದನ್ನು ಮಾತ್ರ ಕೇಳಬೇಕು.

ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ಕರ್ನಾಟಕ. ದೇಶದ ಬೆಳೆಯಲ್ಲಿ ಅರೇಬಿಕಾಗಿಂತ ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾ ಎರಡು ಪಟ್ಟಿಗೂ ಹೆಚ್ಚು. ಬೆಳೆದದ್ದರಲ್ಲಿ ಬಹುಪಾಲು ಹಡಗು ಹತ್ತುತ್ತದೆ, ಮತ್ತು ಎಷ್ಟೋ ವರ್ಷಗಳಿಂದ ಅದರ ಅತಿ ದೊಡ್ಡ ಗಿರಾಕಿ ಇಟಲಿ. ಎಸ್ಪ್ರೆಸೊ ಹುಟ್ಟಿದ ದೇಶ ನಮ್ಮ ರೊಬಸ್ಟಾವನ್ನು ಕೊಂಡೊಯ್ದು ತನ್ನ ಬ್ಲೆಂಡುಗಳಿಗೆ ಬೆರೆಸುತ್ತದೆ. ಅದನ್ನು ಬೆಳೆದ ಊರಿನ ನಾವು ‘ರೊಬಸ್ಟಾ ಇಲ್ಲ’ ಎಂಬುದನ್ನು ಗುಣವೆಂದು ಅಚ್ಚು ಹಾಕಿಸುತ್ತೇವೆ.

ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು. ಸಕ್ಕರೆ, ಎಣ್ಣೆಯ ಅಂಶ ಕಡಿಮೆ, ಪರಿಮಳ ಒರಟು. ಆದರೆ ಎಸ್ಪ್ರೆಸೊದ ಮೇಲೆ ನಿಲ್ಲುವ ಕ್ರೆಮಾ ಎಂಬ ಕಂದು ನೊರೆ ದಪ್ಪಗಾಗುವುದು, ಹಾಲಿನಲ್ಲಿ ಕಾಫಿ ಕಳೆದುಹೋಗದೆ ಉಳಿಯುವುದು ಅದರಿಂದಲೇ. ನೋಡಬೇಕಾದದ್ದು ರೊಬಸ್ಟಾ ಇದೆಯೇ ಎಂದಲ್ಲ, ಯಾವ ರೊಬಸ್ಟಾ ಎಂದು. ಹಣ್ಣಿನ ಸಮೇತ ಒಣಗಿಸಿದ ರೊಬಸ್ಟಾ ಚೆರ್ರಿ ಒಂದು. ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹಾಕಿ ತೊಳೆದು ಒಣಗಿಸಿದ ರೊಬಸ್ಟಾ ಪಾರ್ಚ್‌ಮೆಂಟ್ ಇನ್ನೊಂದು. ಎರಡನೆಯದರಲ್ಲಿ ಆಯ್ದ ದಪ್ಪ ಬೀಜಕ್ಕೆ ‘ರೊಬಸ್ಟಾ ಕಾಪಿ ರಾಯಲ್’ ಎಂಬ ದರ್ಜೆಯೇ ಇದೆ. ಹಾಲು ಹಾಕಿ ಕುಡಿಯುವ ಮನೆಗೆ ನನ್ನ ಶಿಫಾರಸು ನೂರಕ್ಕೆ 20ರಿಂದ 30 ಪಾಲು ಇಂಥ ರೊಬಸ್ಟಾ ಬೆರೆತ ಮೀಡಿಯಂ. ಹಾಲಿಲ್ಲದೆ ಕುಡಿಯುವವರು 100%ರ ಪೊಟ್ಟಣವನ್ನೇ ಕೊಳ್ಳಲಿ, ತಕರಾರಿಲ್ಲ.

ಚಿಕೋರಿಯ ಮಾತು ಬೇರೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಕೂಡದು ಎಂದು ಕಾನೂನು ಹೇಳುತ್ತದೆ. ಆ ಮಿಶ್ರಣ ಬರುವುದು ಪುಡಿಯಾಗಿ. ಇಡೀ ಬೀಜ ಕೊಂಡವರಿಗೆ ಆ ಚಿಂತೆ ತಾನಾಗಿ ತಪ್ಪುತ್ತದೆ.

“ಸಿಂಗಲ್ ಎಸ್ಟೇಟ್. ಎತ್ತರ 1,200 ಮೀಟರ್. ತಳಿ: ಎಸ್.795, ಸೆಲೆಕ್ಷನ್ 9”

ಓದಲು ಚೆಂದ, ಯಂತ್ರದ ಮುಂದೆ ನಿಂತಾಗ ಉಪಯೋಗ ಅಲ್ಪ. ಎತ್ತರದಲ್ಲಿ, ನೆರಳಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಪುಡಿಯನ್ನು ಒಂದು ಹಲ್ಲು ನುಣ್ಣಗೆ ಮಾಡಿಕೊಳ್ಳಬೇಕಾಗಬಹುದು. ತಳಿಗಳ ಹಿಂದೆ ಬಾಳೆಹೊನ್ನೂರಿನ ಕಥೆಯಿದೆ. ಅಲ್ಲಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದು, ಎಲೆತುಕ್ಕು ರೋಗ ತೋಟಗಳನ್ನು ಕಾಡುತ್ತಿದ್ದ ಕಾಲದಲ್ಲಿ. ಎಸ್.288 ಮತ್ತು ಕೆಂಟ್ ತಳಿಗಳನ್ನು ಕೂಡಿಸಿ 1940ರ ದಶಕದಲ್ಲಿ ಕೊಟ್ಟ ಎಸ್.795 ಇಂದಿಗೂ ನಮ್ಮ ತೋಟಗಳಲ್ಲಿದೆ. ಸೆಲೆಕ್ಷನ್ 9ರಲ್ಲಿ ಇಥಿಯೋಪಿಯಾದ ತಫಾರಿಕೆಲ ತಳಿಯ ರಕ್ತವಿದೆ. ಈ ಹೆಸರುಗಳನ್ನು ಅಚ್ಚು ಹಾಕಿಸುವವರಿಗೆ ತಮ್ಮ ಬೀಜ ಎಲ್ಲಿಂದ ಬಂತೆಂದು ಗೊತ್ತಿದೆ ಎಂಬಷ್ಟು ಭರವಸೆ ಸಿಗುತ್ತದೆ. ಅದೇನೂ ಸಣ್ಣದಲ್ಲ.

“ವಾಶ್ಡ್”

ಹಣ್ಣಿನ ಸಿಪ್ಪೆ ಬಿಡಿಸಿ, ಅಂಟನ್ನು ಕೊಳೆಸಿ, ತೊಳೆದು ಒಣಗಿಸಿದ್ದು. ಈ ಜಾಗದಲ್ಲಿ ‘ನ್ಯಾಚುರಲ್’ ಎಂದಿದ್ದರೆ ಹಣ್ಣನ್ನು ಹಾಗೆಯೇ ಒಣಗಿಸಿದ್ದು, ‘ಹನಿ’ ಎಂದಿದ್ದರೆ ಸಿಪ್ಪೆ ತೆಗೆದು ಅಂಟನ್ನು ಉಳಿಸಿ ಒಣಗಿಸಿದ್ದು. ಜೇನಿಗೂ ಅದಕ್ಕೂ ಸಂಬಂಧವಿಲ್ಲ. ಮಲೆನಾಡಿನ ಕಣಗಳಲ್ಲಿ ಚೆರ್ರಿಯಾಗಿ ಒಣಗಿಸುವುದೆಂದರೆ ಬಹಳ ಕಾಲ ಎರಡನೆಯ ದರ್ಜೆಯ ಕೆಲಸ. ಕೊನೆಯ ಕುಯಿಲು, ಅರೆಹಣ್ಣು, ಉದುರು ಅಲ್ಲಿಗೆ ಹೋಗುತ್ತಿತ್ತು. ಈಗ ಕಳಿತ ಹಣ್ಣನ್ನಷ್ಟೇ ಆಯ್ದು ಎತ್ತರದ ಜಾಲರಿಯ ಮೇಲೆ ಹರಡಿ, ದಿನಕ್ಕೆ ಹಲವು ಸಲ ಕೈಯಾಡಿಸಿ ಒಣಗಿಸಿದ ನ್ಯಾಚುರಲ್‌ಗೆ ಹೆಚ್ಚು ಬೆಲೆ. ಅದರ ಹಣ್ಣಿನ, ಸ್ವಲ್ಪ ಹೆಂಡದ ವಾಸನೆ ಎಸ್ಪ್ರೆಸೊದಲ್ಲಿ ತೀರಾ ಗಾಢವಾಗುತ್ತದೆ. ಯಂತ್ರದ ಕೈ ಇನ್ನೂ ಕೂಡದವರು ವಾಶ್ಡ್‌ನಿಂದ ಶುರುಮಾಡಲಿ. ರುಚಿ ಕೆಟ್ಟರೆ ಬೀಜದ್ದೋ ಕೈಯದ್ದೋ ಎಂದು ತಿಳಿಯುವುದು ಅಲ್ಲಿ ಸುಲಭ.

“ಚಾಕೊಲೇಟ್, ಬೆಲ್ಲ, ಕಿತ್ತಳೆ ಸಿಪ್ಪೆ”

ಇವನ್ನು ಬೆರೆಸಿಲ್ಲ. ರುಚಿ ನೋಡಿದವರಿಗೆ ನೆನಪಾದವು, ಅಷ್ಟೆ. ನಿಮ್ಮ ನಾಲಿಗೆಗೆ ಕಿತ್ತಳೆ ಸಿಗದಿದ್ದರೆ ನಾಲಿಗೆಯನ್ನು ಬೈಯಬೇಡಿ.

ಆದರೂ ಇದು ಕೆಲಸಕ್ಕೆ ಬರುವ ಸಾಲು. ‘ಮೀಡಿಯಂ ರೋಸ್ಟ್’ ನಿಜವಾಗಿ ಎಲ್ಲಿ ನಿಂತಿದೆ ಎಂಬುದನ್ನು ಇದೇ ಹೇಳಿಬಿಡುತ್ತದೆ. ಚಾಕೊಲೇಟ್, ಬೆಲ್ಲ, ಗೋಡಂಬಿ, ಹುರಿದ ಕಡಲೆಕಾಯಿ ಎಂದಿದ್ದರೆ ಹುರಿತ ನಡುವನ್ನು ದಾಟಿ ಸ್ವಲ್ಪ ಆಚೆಗಿದೆ, ಹುಳಿ ಕಡಿಮೆ, ಹಾಲಿಗೆ ಹೊಂದುತ್ತದೆ. ನಿಂಬೆ, ಮಲ್ಲಿಗೆ, ಬೆರ್ರಿ ಹಣ್ಣು ಎಂದಿದ್ದರೆ ಮೇಲೆ ಮೀಡಿಯಂ ಎಂದು ಬರೆದಿದ್ದರೂ ಬೀಜ ಎಳೆ ಹುರಿತದ ಕಡೆಗೇ ವಾಲಿದೆ. ಅದು ಸುರಿದು ಸೋಸುವ ಕಾಫಿಗೆ ಸೊಗಸು. ಮನೆಯ ಯಂತ್ರದಲ್ಲಿ ಒತ್ತಿದರೆ ಹುಳಿ ಮುಂದೆ ಬಂದು ನಿಲ್ಲುತ್ತದೆ. ಅಂಗಡಿಯಲ್ಲಿ ನಿಂತು ಎರಡು ಪೊಟ್ಟಣಗಳ ನಡುವೆ ತೀರ್ಮಾನಿಸಬೇಕಾದಾಗ ನಾನು ಹುರಿತದ ಹೆಸರನ್ನು ಬಿಟ್ಟು ಈ ಸಾಲನ್ನೇ ಓದುತ್ತೇನೆ.

“ಹುರಿದ ದಿನಾಂಕ”

ತಳದಲ್ಲಿ, ಕೆಲವೊಮ್ಮೆ ಮಡಿಕೆಯೊಳಗೆ, ಮಸುಕಾದ ಮುದ್ರೆ. ಇಡೀ ಪೊಟ್ಟಣದಲ್ಲಿ ಉಳಿಸಿಕೊಳ್ಳಲು ಒಂದೇ ಸಾಲು ಎಂದರೆ ನಾನು ಇದನ್ನು ಉಳಿಸಿಕೊಳ್ಳುವೆ.

ಹುರಿಯುವಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದು ದಿನಗಟ್ಟಲೆ ಹೊರಬರುತ್ತಲೇ ಇರುತ್ತದೆ. ಪೊಟ್ಟಣದ ಎದೆಯ ಮೇಲಿನ ಸಣ್ಣ ಗುಂಡಿಯಂಥ ವಾಲ್ವ್ ಒಳಗಿನ ಅನಿಲವನ್ನು ಬಿಟ್ಟು ಹೊರಗಿನ ಗಾಳಿಯನ್ನು ತಡೆಯಲು ಇರುವುದು. ನೆನ್ನೆ ಹುರಿದ ಬೀಜದಿಂದ ಎಸ್ಪ್ರೆಸೊ ತೆಗೆದರೆ ಈ ಅನಿಲ ನೀರಿನ ದಾರಿಗೆ ಅಡ್ಡ ಬರುತ್ತದೆ. ಧಾರೆ ಚಿಮ್ಮುತ್ತದೆ, ನೊರೆ ಅರ್ಧ ಲೋಟ ಏರಿ ಕ್ಷಣದಲ್ಲಿ ಕುಸಿಯುತ್ತದೆ, ರುಚಿ ಚುರುಕು ಹುಳಿ. ಮೀಡಿಯಂಗೆ ಒಂದು ವಾರದಿಂದ ಹತ್ತು ದಿನ ವಿಶ್ರಾಂತಿ ಬೇಕು. ಅಲ್ಲಿಂದ ಐದಾರು ವಾರದ ತನಕ ಒಳ್ಳೆಯ ಕಾಲ. ಆಮೇಲೆ ಪರಿಮಳ ಸೋರುತ್ತದೆ, ಅದೇ ಪುಡಿಯಲ್ಲಿ ನೀರು ಬೇಗ ಓಡುತ್ತದೆ, ನೊರೆ ಬಿಳಿಚಿಕೊಳ್ಳುತ್ತದೆ.

‘ಇಷ್ಟು ತಿಂಗಳೊಳಗೆ ಬಳಸಿ’ ಎಂಬುದು ಮಾತ್ರ ಇದ್ದು ಹುರಿದ ದಿನ ಇಲ್ಲದಿದ್ದರೆ ಆ ಪೊಟ್ಟಣವನ್ನು ಕಪಾಟಿನಲ್ಲೇ ಬಿಡಿ. ಬಳಸುವ ಅವಧಿ ಹೇಳುವುದು ಆರೋಗ್ಯಕ್ಕೆ ಅಪಾಯವಿಲ್ಲ ಎಂದು. ರುಚಿಯ ಹೊಣೆ ಅದರದ್ದಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಆಮದು ಇಟಾಲಿಯನ್ ಬೀಜಕ್ಕೆ ಎರಡು ಪಟ್ಟು ಬೆಲೆ ಕೊಡುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು: ಅಲ್ಲಿ ಹುರಿದು, ಕಟ್ಟಿ, ಸಮುದ್ರ ದಾಟಿ ಇಲ್ಲಿ ಕಪಾಟು ಸೇರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಕೊಡಗಿನಲ್ಲಿ ಹುರಿದದ್ದು ಮೂರು ದಿನಕ್ಕೆ ಮನೆಗೆ ಬರುತ್ತದೆ.

ಮನೆಯಲ್ಲಿ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ ಇಡಿ. ಮಳೆಗಾಲದ ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇನ್ನೂ ಎಚ್ಚರ. ಫ್ರಿಜ್ಜಿನಿಂದ ದಿನಾ ತೆಗೆದು ಒಳಗಿಟ್ಟರೆ ಪಸೆ ಕೂರುತ್ತದೆ. ಹೆಚ್ಚಾಗಿದ್ದರೆ ಸಣ್ಣ ಸಣ್ಣ ಪೊಟ್ಟಣ ಮಾಡಿ, ಭದ್ರವಾಗಿ ಕಟ್ಟಿ, ಫ್ರೀಜರ್‌ನಲ್ಲಿಟ್ಟು ಒಂದೊಂದಾಗಿ ತೆಗೆಯಿರಿ.

“ಇಡೀ ಬೀಜ, 250 ಗ್ರಾಂ”

ಬೀಜ ಕೊಂಡದ್ದು ಗ್ರೈಂಡರ್ ಇದ್ದವರಿಗೆ ಮಾತ್ರ ಸಾರ್ಥಕ. ಎಸ್ಪ್ರೆಸೊ ಯಂತ್ರ ವಾಯುಭಾರದ ಸುಮಾರು 9 ಪಟ್ಟು ಒತ್ತಡದಲ್ಲಿ ನೀರನ್ನು ಪುಡಿಯ ಬಿಲ್ಲೆಯೊಳಗೆ ನುಗ್ಗಿಸುತ್ತದೆ. (ಡಬ್ಬದ ಮೇಲಿನ ‘15 ಬಾರ್’, ‘20 ಬಾರ್’ ಪಂಪಿನ ಗರಿಷ್ಠ ಶಕ್ತಿ, ಅದನ್ನು ನೋಡಿ ಯಂತ್ರ ಆರಿಸಬೇಡಿ.) ಪುಡಿಯಲ್ಲಿ ಎಲ್ಲಿ ಸಡಿಲ ಸಿಕ್ಕರೂ ನೀರು ಅಲ್ಲಿಂದಲೇ ಜಾರಿ ಹೋಗುತ್ತದೆ. ಮಿಕ್ಸಿ ಬೀಜವನ್ನು ಕತ್ತರಿಸುತ್ತದೆ: ಒಂದು ಕಡೆ ಧೂಳು, ಇನ್ನೊಂದು ಕಡೆ ನುಚ್ಚು. ಒಂದೇ ಲೋಟದಲ್ಲಿ ಕಹಿಯೂ ಹುಳಿಯೂ ಒಟ್ಟಿಗೆ ಬರುತ್ತವೆ. ಹಲ್ಲುಗಳ ನಡುವೆ ಅರೆಯುವ, ನುಣುಪನ್ನು ಸಣ್ಣ ಸಣ್ಣ ಹಂತಗಳಲ್ಲಿ ಬದಲಿಸಬಲ್ಲ ಬರ್ ಗ್ರೈಂಡರ್ ಬೇಕು. ಕೈಯಲ್ಲಿ ತಿರುಗಿಸುವಂಥದ್ದಾದರೂ ಸರಿ. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಒಳ್ಳೆಯ ಗ್ರೈಂಡರ್ ಕೊಂಡು ಯಂತ್ರವನ್ನು ಮುಂದಕ್ಕೆ ಹಾಕಿ. ಅಲ್ಲಿಯವರೆಗೆ ಒಲೆಯ ಮೇಲಿಡುವ ಮೋಕಾ ಪಾಟ್ ಸಾಕು.

ನಮ್ಮ ಕಾಫಿಪುಡಿ ಅಂಗಡಿಗಳಲ್ಲಿ ಕಣ್ಣೆದುರೇ ಬೀಸಿಸಿಕೊಂಡು ಬಿಸಿ ಪೊಟ್ಟಣ ಹಿಡಿದು ಬರುತ್ತಿದ್ದವರಿಗೆ ತಾಜಾತನದ ಪಾಠ ಹೊಸದಲ್ಲ. ಆದರೆ ಅಲ್ಲಿನ ಫಿಲ್ಟರ್ ಪುಡಿ ಎಸ್ಪ್ರೆಸೊಗೆ ತರಿ. ಯಂತ್ರದಲ್ಲಿ ಪುಡಿ ತುಂಬುವ ಬಾಸ್ಕೆಟ್ ಎರಡು ಪದರದ ತಳದ್ದಾದರೆ ಹೇಗೋ ನಡೆದೀತು. ಒಂದೇ ಪದರದ್ದಾದರೆ ನೀರು ನಲ್ಲಿಯಂತೆ ಸುರಿಯುತ್ತದೆ.

250 ಗ್ರಾಂ ಎಂದರೆ 18 ಗ್ರಾಮಿನ ಹದಿಮೂರು ಶಾಟ್. ಹೊಸ ಬೀಜಕ್ಕೆ ಹದ ಹಿಡಿಯುವಷ್ಟರಲ್ಲಿ ಎರಡು ಮೂರು ಸಿಂಕಿಗೆ ಹೋಗುತ್ತವೆ. ಮೂರು ಬಗೆಯ ಬೀಜ ಒಟ್ಟಿಗೆ ತಂದರೆ ನಷ್ಟವೂ ಮೂರು ಪಾಲು. ಒಂದೇ ಬಗೆಯನ್ನು ತಂದು, ಮುಗಿಸಿ, ಮತ್ತೆ ಅದನ್ನೇ ತನ್ನಿ.

“ಎಸ್ಪ್ರೆಸೊ, ಮೋಕಾ ಪಾಟ್, ಫಿಲ್ಟರ್, ಫ್ರೆಂಚ್ ಪ್ರೆಸ್ — ಎಲ್ಲಕ್ಕೂ ಸೂಕ್ತ”

ವ್ಯಾಖ್ಯಾನ ಬೇಡ.

“ಎಸ್ಪ್ರೆಸೊಗೆ: 18 ಗ್ರಾಂ ಪುಡಿ, 36 ಗ್ರಾಂ ಕಾಫಿ, 25–30 ಸೆಕೆಂಡು”

ಟ್ಯೂರಿನ್‌ನ ಆಂಜೆಲೊ ಮೊರಿಯೊಂಡೊ 1884ರಲ್ಲಿ ಪೇಟೆಂಟ್ ಪಡೆದ ಯಂತ್ರವೂ, 1901ರಲ್ಲಿ ಮಿಲಾನ್‌ನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದದ್ದೂ ಹಬೆಯ ಒತ್ತಡವನ್ನು ನಂಬಿದ್ದವು. ಎರಡನೆಯ ಮಹಾಯುದ್ಧದ ನಂತರ ಅಕಿಲ್ಲೆ ಗಾಜ್ಜಿಯಾ ಸ್ಪ್ರಿಂಗ್ ಕಟ್ಟಿದ ಹಿಡಿಕೆಯಿಂದ ಹೆಚ್ಚಿನ ಒತ್ತಡ ತಂದ ಮೇಲೆಯೇ ಇಂದಿನ ದಪ್ಪ ನೊರೆಯ ಎಸ್ಪ್ರೆಸೊ ಬಂದದ್ದು. ಒಂದಕ್ಕೆ ಎರಡು ಎಂಬ ಈ ಅಳತೆ ಆ ದಾರಿಯಲ್ಲಿ ರೂಢಿಯಾದದ್ದು, ವೇದವಾಕ್ಯವಲ್ಲ.

ಮೊದಲ ಶಾಟ್ ಹೀಗೆಯೇ ತೆಗೆಯಿರಿ. ನೀರು 92–94 ಡಿಗ್ರಿ. ಲೋಟದ ಕೆಳಗೆ ಸಣ್ಣ ತಕ್ಕಡಿ ಇಡಿ, ಏಕೆಂದರೆ ನೊರೆ ಕಣ್ಣಳತೆಗೆ ಮೋಸ ಮಾಡುತ್ತದೆ. ಹುಳಿಯಾಗಿ ತೆಳ್ಳಗಿದ್ದರೆ ಪುಡಿ ನುಣ್ಣಗಾಗಲಿ, ಅಥವಾ 36ರ ಬದಲು 42 ಗ್ರಾಂ ತನಕ ಬಿಡಿ. ಕಹಿಯಾಗಿ ನಾಲಿಗೆ ಒಣಗಿಸಿದರೆ ತರಿ ಮಾಡಿ, ಇಲ್ಲವೇ ಬೇಗ ನಿಲ್ಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸೆಕೆಂಡುಗಳ ಹಿಂದೆ ಓಡಬೇಡಿ. 34 ಸೆಕೆಂಡಿಗೆ ರುಚಿಯಾಗಿದ್ದರೆ ಅದೇ ನಿಮ್ಮ ಲೆಕ್ಕ. ಬೀಜ ಹಳೆಯದಾದಂತೆ ಧಾರೆ ವೇಗವಾಗುವುದರಿಂದ ನಾಲ್ಕೈದು ದಿನಕ್ಕೊಮ್ಮೆ ಪುಡಿಯನ್ನು ಇನ್ನೊಂದು ಹಂತ ನುಣ್ಣಗೆ ಮಾಡಬೇಕಾಗುತ್ತದೆ.

“ಹಾಲಿನೊಂದಿಗೂ ಚೆನ್ನ”

ಎಷ್ಟು ಹಾಲು ಎಂದು ಹೇಳದ ಸಾಲು. 36 ಗ್ರಾಂ ಎಸ್ಪ್ರೆಸೊಗೆ 100ರಿಂದ 120 ಮಿಲಿ ಬಿಸಿ ಹಾಲು ಹಾಕಿದರೆ ಮೀಡಿಯಂ ಹುರಿತದ ಬೆಲ್ಲದಂಥ ಸಿಹಿ ಇನ್ನೂ ಗೊತ್ತಾಗುತ್ತದೆ. ಮನೆಯ ದೊಡ್ಡ ಲೋಟ ತುಂಬಿಸಿದರೆ ಅದು ಬಾದಾಮಿ ಇಲ್ಲದ ಬಾದಾಮಿ ಹಾಲು. ಆಗ ಹೆಚ್ಚಿನವರು ಡಾರ್ಕ್ ರೋಸ್ಟ್‌ಗೆ ಹಾರುತ್ತಾರೆ. ಅದಕ್ಕೆ ಮುನ್ನ ಅದೇ 18 ಗ್ರಾಮಿಗೆ 30 ಗ್ರಾಂ ಮಾತ್ರ ಕಾಫಿ ತೆಗೆದು ನೋಡಿ. ಆಗಲೂ ಹಾಲೇ ಗೆದ್ದರೆ ಮುಂದಿನ ಸಲ ರೊಬಸ್ಟಾ ಪಾರ್ಚ್‌ಮೆಂಟ್ ಬೆರೆತ ಪೊಟ್ಟಣ ತನ್ನಿ.