ಮೇಕೆಯನ್ನು ನಾಯಿಯೆಂದವರು

ಪಂಚತಂತ್ರದ ಈ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕೇಳಿರುವೆವು. ಯಜ್ಞಕ್ಕೆಂದು ಮೇಕೆಯನ್ನು ಹೊತ್ತು ನಡೆದಿದ್ದ ಬ್ರಾಹ್ಮಣನಿಗೆ ಮೂವರು ಧೂರ್ತರು ಒಬ್ಬರ ತರುವಾಯ ಒಬ್ಬರಾಗಿ ಎದುರಾಗಿ, ‘ನಾಯಿಯನ್ನೇಕೆ ಹೊತ್ತಿರುವೆ?’ ಎಂದು ಕೇಳುವರು. ಮೂರನೆಯವನ ಮಾತಿಗೆ ಆತನು ಮೇಕೆಯನ್ನು ಬಿಟ್ಟು ಓಡುವನು. ಇದನ್ನು ಪೆದ್ದುತನದ ಕಥೆಯೆಂದು ತರಗತಿಯಲ್ಲಿ ಹೇಳಿ ಮುಗಿಸುವುದುಂಟು. ಇದು ಭಾಷೆಯ ಕಥೆಯೆಂಬುದು ನಮ್ಮ ಅಭಿಪ್ರಾಯ.

ಧೂರ್ತರಲ್ಲಿ ಒಬ್ಬನೂ ಮೇಕೆಯನ್ನು ಕೇಳುವುದಿಲ್ಲ, ಕಸಿಯುವುದೂ ಇಲ್ಲ. ವಸ್ತುವಿನ ಹೆಸರನ್ನಷ್ಟೇ ಬದಲಿಸುವರು. ಅದನ್ನೂ ಪ್ರಶ್ನೆಯ ರೂಪದಲ್ಲಿ. ‘ಇದು ನಾಯಿ’ ಎಂದಿದ್ದರೆ ಬ್ರಾಹ್ಮಣನು ಅಲ್ಲವೆನ್ನಬಹುದಿತ್ತು. ‘ಏಕೆ ಹೊತ್ತಿರುವೆ’ ಎಂದೊಡನೆ ಉತ್ತರಿಸುವ ಹೊಣೆ ಅವನ ಮೇಲೆ ಬೀಳುವುದು. ನಾಯಿಯೆಂಬುದು ಆಗಲೇ ಒಪ್ಪಿದ ಮಾತಾಗಿ ನಿಲ್ಲುವುದು.

ಈ ಕಥೆ ಇಂದಿಗೂ ಮುಗಿದಿಲ್ಲ. ನಮ್ಮ ಅವಲಪಲ್ಲಿಗೆ ದೂರವಲ್ಲದ ಬೆಂಗಳೂರಿನಲ್ಲಿ 2024ರ ಕೊನೆಗೆ ಸಾಫ್ಟ್‌ವೇರ್ ಇಂಜಿನಿಯರೊಬ್ಬರು 11.8 ಕೋಟಿ ರೂಪಾಯಿಗಳನ್ನು ಕಳೆದುಕೊಂಡರು. ದೂರಸಂಪರ್ಕ ಪ್ರಾಧಿಕಾರದವನೆಂದು ಒಬ್ಬನು, ಪೊಲೀಸ್ ಅಧಿಕಾರಿಯೆಂದು ಮತ್ತೊಬ್ಬನು, ಸಮವಸ್ತ್ರ ತೊಟ್ಟು ವಿಡಿಯೋದಲ್ಲಿ ಇನ್ನೊಬ್ಬನು ಅವರೊಡನೆ ಮಾತನಾಡಿದರು. ಇಲ್ಲಿಯೂ ಹೆಸರುಗಳೇ ಬದಲಾದವು. ಸುಲಿಗೆಗೆ ‘ಪರಿಶೀಲನೆ’ಯೆಂದು ಹೆಸರು; ಇಂತಹ ವಂಚನೆಗಳಲ್ಲಿ ಮನುಷ್ಯನನ್ನು ಅವನ ಮನೆಯಲ್ಲಿಯೇ ಬೆದರಿಸಿ ಕೂರಿಸುವುದಕ್ಕೆ ‘ಡಿಜಿಟಲ್ ಅರೆಸ್ಟ್’ ಎಂದು ಹೆಸರು. ಕಾನೂನಿನಲ್ಲಿ ಅಂತಹ ವ್ಯವಸ್ಥೆಯೇ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ಆಕಾಶವಾಣಿ ಭಾಷಣದಲ್ಲಿ ಹೇಳಿದ್ದರು.

ಕಳೆದುಕೊಂಡವರು ಅವಿದ್ಯಾವಂತರಲ್ಲವೆಂಬುದನ್ನು ಉಪಾಧ್ಯಾಯರಾದ ನಾವು ಗಮನಿಸಬೇಕು. ಕನ್ನಡ, ತೆಲುಗು, ತಮಿಳುಗಳ ನಡುವೆ ಬಾಳುವ ಈ ಗಡಿಸೀಮೆಯಲ್ಲಿ ಕಚೇರಿಯ ಮಾತು ನಮಗೆ ಬಹುಮಟ್ಟಿಗೆ ಪರಭಾಷೆಯೇ. ತಿಳಿಯದ ಪದವೊಂದು ಗಂಭೀರವಾಗಿ ಕಿವಿಗೆ ಬಿದ್ದರೆ ಅದರ ಅರ್ಥವನ್ನು ಕೇಳುವ ಮೊದಲೇ ನಾವು ಅಂಜುವೆವು. ಕಠಿಣಪದಗಳನ್ನು ಬಾಯಿಪಾಠ ಮಾಡಿಸಿ, ‘ಹಾಗೆಂದರೇನು?’ ಎಂದ ಹುಡುಗನನ್ನು ಗದರಿಸಿ ಕೂರಿಸಿದ ನಮಗೂ ಈ ಅಂಜಿಕೆಯಲ್ಲಿ ಪಾಲಿಲ್ಲವೇ?

ವಿಮರ್ಶೆಯೆಂಬುದು ಕಾವ್ಯಕ್ಕೆ ಮಾತ್ರ ಮೀಸಲಾದ ವಿದ್ಯೆಯಲ್ಲ. ಈ ಮಾತನ್ನು ಆಡುವವನು ಯಾರು, ಇಷ್ಟು ಅವಸರವೇಕೆ, ಯಾರಿಗೂ ಹೇಳಬೇಡವೆನ್ನುವುದೇಕೆ, ಇದನ್ನೇ ಮನೆಮಾತಿನಲ್ಲಿ ಹೇಳಿದರೆ ಏನಾಗಿ ಉಳಿಯುವುದು ಎಂದು ಕೇಳುವುದೂ ವಿಮರ್ಶೆಯೇ. ಕರೆಯನ್ನು ಕಡಿದು ಪಕ್ಕದವರನ್ನು ಕೇಳಬಹುದು. ಹಣ ಹೋಗಿದ್ದರೆ ಆ ಕೂಡಲೇ 1930ಕ್ಕೆ ದೂರವಾಣಿ ಮಾಡಬಹುದು.

ಬ್ರಾಹ್ಮಣನು ಓಡುವ ಮುನ್ನ ಒಂದು ಗಳಿಗೆ ನಿಂತಿದ್ದರೆ ಸಾಕಿತ್ತು. ಮೇಕೆಯೇ ಅರಚಿ ತನ್ನ ಹೆಸರನ್ನು ಹೇಳುತ್ತಿತ್ತು.