ಮೌನವನ್ನು ತೃಪ್ತಿಯೆಂದು ತಿಳಿದಾಗ

ಆಸ್ಪತ್ರೆಯಲ್ಲಿ ನರ್ಸ್‌ಗಳ ಮುಗುಳ್ನಗೆಯನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಅವರಿಗೆ ಸಂಬಳ ಎಷ್ಟೆಂದು ಕೇಳಿದವರು ಎಷ್ಟು ಮಂದಿ? ಮಹೇಶ್ ನಾರಾಯಣನ್ ನಿರ್ದೇಶನದ ಮಲಯಾಳಂ ಚಿತ್ರ 'ಟೇಕ್ ಆಫ್' (2017) ಈ ಪ್ರಶ್ನೆಯ ಹತ್ತಿರದಿಂದಲೇ ಹೊರಡುತ್ತದೆ. ಆದರೆ ಅದನ್ನು ಅರ್ಧದಲ್ಲೇ ಕೈಬಿಡುತ್ತದೆ.

2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಸಿಲುಕಿದ್ದ 46 ಭಾರತೀಯ ನರ್ಸ್‌ಗಳು ಜುಲೈಯಲ್ಲಿ ಊರಿಗೆ ಮರಳಿದ ಘಟನೆಯೇ ಚಿತ್ರಕ್ಕೆ ಆಧಾರ. ನಾಯಕಿ ಸಮೀರಾ ವಿಚ್ಛೇದಿತೆ, ಒಬ್ಬ ಮಗನ ತಾಯಿ. ಹಣದ ಮುಗ್ಗಟ್ಟೇ ಅವಳನ್ನು ಇರಾಕಿಗೆ ತಳ್ಳುತ್ತದೆ. ಎಲ್ಲವನ್ನೂ ನುಂಗಿಕೊಂಡು ಕೆಲಸ ಮಾಡುವ ಹೆಣ್ಣಿನ ಮುಖವನ್ನು ಪಾರ್ವತಿ ಅದ್ಭುತವಾಗಿ ಕಟ್ಟಿಕೊಟ್ಟಿದ್ದಾರೆ. ಅತ್ತರೆ ನಮಗೆ ಅರ್ಥವಾಗುತ್ತಿತ್ತು. ಅವಳು ಅಳದಿರುವುದೇ ಕಾಡುತ್ತದೆ.

ಉತ್ತರಾರ್ಧದಲ್ಲಿ ಬಂದೂಕು, ರಾಯಭಾರ ಕಚೇರಿ, ರಕ್ಷಣಾ ಕಾರ್ಯಾಚರಣೆ ಮುನ್ನೆಲೆಗೆ ಬರುತ್ತವೆ. ಸಮೀರಾಳ ಸಂಕಟಕ್ಕೆ ಗಂಡನ ಮನೆಯ ಸಂಪ್ರದಾಯದತ್ತ ಬೊಟ್ಟು ಮಾಡುವ ಚಿತ್ರ, ಆಸ್ಪತ್ರೆಯ ಮಾಲೀಕರತ್ತ ಅಷ್ಟೇ ದಿಟ್ಟವಾಗಿ ಬೆರಳು ತೋರುವುದಿಲ್ಲ. ಆದರೆ ವಾಸ್ತವ ಏನಿತ್ತು? ತಿಕ್ರಿತ್‌ನಲ್ಲಿದ್ದ ಹಲವರು ಮರಳಲು ಹಿಂಜರಿದರೆಂದು ಅಂದಿನ ಪತ್ರಿಕೆಗಳು ವರದಿ ಮಾಡಿದ್ದವು. ಅಲ್ಲಿ ಸಂಬಳ ಬಾಕಿ ಇತ್ತು, ಊರಿನಲ್ಲಿ ಸಾಲ ಕಾದಿತ್ತು. ಯುದ್ಧಕ್ಕಿಂತ ಸಾಲವೇ ಹೆಚ್ಚು ಹೆದರಿಸಿದ್ದು ಸಣ್ಣ ಮಾತಲ್ಲ.

2011-12ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಮುಷ್ಕರ ಹೂಡಿದಾಗ ಜನರಿಗೆ ಅಚ್ಚರಿಯಾಗಿತ್ತು. ಬಾಂಡ್ ಬರೆಸಿಕೊಳ್ಳುವುದು, ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳುವುದು ಆಗಷ್ಟೇ ಬೆಳಕಿಗೆ ಬಂತು. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ರಚನೆಯಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯೂ ಕನಿಷ್ಠ 20,000 ರೂಪಾಯಿ ನೀಡಬೇಕೆಂದಿತು. ಕೇರಳ 2018ರಲ್ಲಿ ಅದನ್ನು ಅಧಿಸೂಚನೆಯಾಗಿ ಹೊರಡಿಸಿತು. ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದ ಎಷ್ಟೋ ಮಕ್ಕಳು ಕಲಿಯುತ್ತಾರೆ. ಆದ್ದರಿಂದ ಇದು ನಮಗೆ ಹೊರಗಿನ ಸಂಗತಿಯಲ್ಲ.

ಬಾಯಿ ತೆರೆಯಲಾಗದ ಅಸಮಾಧಾನ ಪಾಸ್‌ಪೋರ್ಟ್ ಮಾಡಿಸಿಕೊಳ್ಳುತ್ತದೆ. ಹೋಗಲಾಗದವರು ಇಲ್ಲೇ ಉಳಿಯುತ್ತಾರೆ. ಡ್ಯೂಟಿ ಮುಗಿಸುತ್ತಾರೆ, ಮನಸ್ಸು ಮಾತ್ರ ಎಂದೋ ಹೊರಟುಹೋಗಿರುತ್ತದೆ. ದೂರಿನ ಪೆಟ್ಟಿಗೆ ಖಾಲಿಯಿದ್ದರೆ ಆಡಳಿತ ಮಂಡಳಿ ಎಲ್ಲವೂ ಚೆನ್ನಾಗಿದೆಯೆಂದುಕೊಳ್ಳುತ್ತದೆ. ಅದರ ನಷ್ಟವನ್ನು ಕೊನೆಗೆ ಭರಿಸುವವನು ರೋಗಿ.

ನರ್ಸ್‌ಗಳನ್ನು ನಾವು ದೇವತೆಯೆಂದು ಕರೆಯುತ್ತೇವೆ. ದೇವತೆಗಳಿಗೆ ಮನೆ ಬಾಡಿಗೆ ಇರುವುದಿಲ್ಲ, ಅವರು ಸಂಬಳ ಕೇಳುವುದೂ ಇಲ್ಲ. ಈ ಹೊಗಳಿಕೆಯೇ ಅವರ ಬಾಯಿಗೆ ಬೀಗವಾಗಿದೆ. 'ಟೇಕ್ ಆಫ್' ನೋಡಬೇಕಾದ ಚಿತ್ರವೇ. ಆದರೆ ವಿಮಾನ ಕೊಚ್ಚಿಯಲ್ಲಿ ಇಳಿದಾಗ ಚಪ್ಪಾಳೆ ತಟ್ಟುವ ನಾವು ಒಂದು ಮಾತು ಕೇಳಿಕೊಳ್ಳಬೇಕು: ಮರುದಿನ ಅವರು ಕೆಲಸ ಕೇಳಿಕೊಂಡು ಹೋದದ್ದು ಎಲ್ಲಿಗೆ?