ಮಂಜಿನಲ್ಲಿ ಬಸ್ಸು ನಡೆಸುವವರು

ಧನುರ್ಮಾಸದ ಮುಂಜಾವಿನಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಕೆಂಪು ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿದರೆ ನಾನು ಹೊಲಗದ್ದೆ ನೋಡುವುದಿಲ್ಲ, ಡ್ರೈವರಣ್ಣನನ್ನೇ ನೋಡುತ್ತೇನೆ. ಮಂಜು ದಟ್ಟವಾದಷ್ಟೂ ಅವರು ದೀಪ ಡಿಮ್ ಮಾಡುತ್ತಾರೆ. ಜೋರು ಬೆಳಕು ಹನಿಗಳಿಗೆ ಬಡಿದು ಕಣ್ಣಿಗೇ ವಾಪಸು ಬರುತ್ತದೆ. ಗಾಜಿನಲ್ಲಿ ನಮ್ಮ ಮುಖಗಳು ಮೂಡಿ ರಸ್ತೆ ಮರೆಯಾಗದಿರಲೆಂದು ಒಳದೀಪ ಆರಿಸುತ್ತಾರೆ. ತುಂಬಿದ ಬಸ್ಸಿನ ಬಿಸಿಯುಸಿರು ತಣ್ಣನೆಯ ಗಾಜಿಗೆ ತಾಗಿ ಒಳಗಿನಿಂದ ಮಬ್ಬು ಕಟ್ಟುತ್ತಲೇ ಇರುತ್ತದೆ. ಅದಕ್ಕೇ ಅವರ ಪಕ್ಕದ ಕಿಟಕಿ ನಾಲ್ಕು ಬೆರಳಷ್ಟು ತೆರೆದಿರುತ್ತದೆ. ಕೊರೆಯುವ ಆ ಗಾಳಿ ನೇರ ಬಡಿಯುವುದು ಅವರ ಕಿವಿಗೇ.

ಎದುರು ಲಾರಿಯ ಬೆಳಕಿಗೆ ದೃಷ್ಟಿ ಕೊಡದೆ, ಎಡಗಡೆಯ ಬಿಳಿ ಪಟ್ಟಿಯನ್ನೇ ಹಿಡಿದು ಸಾಗುತ್ತಾರೆ. ಕೆ.ಆರ್. ನಗರದ ಕಡೆಯಾದರೆ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿಗೂ ಸಿದ್ಧರಿರಬೇಕು. ಎಚ್.ಡಿ. ಕೋಟೆಯಿಂದ ಬಾವಲಿಗೆ ಹೋಗುವ ಕಾಡುರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಹಗಲಲ್ಲೂ ಅಲ್ಲಿ ಪ್ರತಿ ತಿರುವಿನಾಚೆ ಆನೆ ನಿಂತಿದೆಯೆಂದೇ ಭಾವಿಸಿ ಬ್ರೇಕಿನ ಮೇಲೆ ಪಾದವಿಡುವವರೇ ನಿಜವಾದ ಚಾಲಕರು.

ಮಳೆಗಾಲದ ಇನ್ನೊಂದು ಹಳೆಯ ವಿದ್ಯೆ ನನಗೆ ಬಲು ಇಷ್ಟ. ವೈಪರ್ ಕೈಕೊಟ್ಟರೆ ಬೀಡಿ ಬಿಚ್ಚಿ, ಅದರ ಹೊಗೆಸೊಪ್ಪನ್ನು ಒದ್ದೆ ಗಾಜಿಗೆ ಉಜ್ಜುವುದು. ನೀರು ಹನಿಗಟ್ಟದೆ ತೆಳುವಾಗಿ ಹರಿದು ದಾರಿ ಕಾಣಿಸುತ್ತದೆ. ಹೊಗೆಸೊಪ್ಪಿನ ಈ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲ.